ಆ ಒಳಲೆಯನ್ನು ಬ್ಯಾಗಿನಿಂದ ತೆಗೆಯಿರಿ

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಬಂದಿದ್ದೇನೆ. ಸಿಸೇರಿಯನ್ ಆಗಿ 12 ದಿನ. ಹಾಲು ಸಾಲುತ್ತಿಲ್ಲ ಅಂತ ಮಗಳು ಅಳುತ್ತಾಳೆ. ಅಳಿಯ 1,500 ರೂಪಾಯಿ ಕೊಟ್ಟು ಲ್ಯಾಕ್ಟೇಶನ್ ಕನ್ಸಲ್ಟೆಂಟ್ ಅಂತ ಒಬ್ಬ ಹುಡುಗಿಯನ್ನು ಮನೆಗೆ ಕರೆಸಿದ. ಆಕೆ ಜೇನು ಬೇಡ, ಬಜೆ ಬೇಡ, ನೀರೂ ಬೇಡ ಅಂದಳು. ಮಗುವಿಗೆ ಹನಿಹನಿಯಾಗಿ ಕುಡಿಸೋ ಕೊಕ್ಕಿನ ಬಟ್ಟಲು, ಊರಿಂದ ತಂದ ಬೆಳ್ಳಿ ಒಳಲೆ, ಬ್ಯಾಗಿನಲ್ಲೇ ಇದೆ. ಮೂರು ಮಕ್ಕಳಿಗೆ ಹಾಲು ಕುಡಿಸಿದ ನನಗಿಂತ ಅವಳಿಗೆ ಜಾಸ್ತಿ ಗೊತ್ತಾ? ಹಾಲು ಕುಡಿಸುವುದನ್ನೂ ದುಡ್ಡು ಕೊಟ್ಟು ಕಲಿಯಬೇಕಾ?"

ಅಮ್ಮಾ, ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಳಲೆಯ ಸಾಲಿಗೆ ಬಂದಾಗ ಮನಸ್ಸಿಗೆ ಕಷ್ಟವಾಯಿತು.

ಒಂದು ಮಾತು ಕೇಳುತ್ತೇನೆ. ನಿಮ್ಮ ಮೊದಲ ಹೆರಿಗೆಯಾದಾಗ ಪಕ್ಕದಲ್ಲಿ ಯಾರು ಕೂತಿದ್ದರು? ಅಮ್ಮನೋ, ಅತ್ತೆಯೋ, ಎಣ್ಣೆ ನೀರು ಹಾಕಲು ಬರುತ್ತಿದ್ದ ಅಜ್ಜಿಯೋ ಇದ್ದೇ ಇರುತ್ತಾರೆ. ಅದಕ್ಕೂ ಮೊದಲು ಅಕ್ಕಂದಿರು, ಚಿಕ್ಕಮ್ಮಂದಿರು ಹಾಲು ಕುಡಿಸುವುದನ್ನು ನೀವು ನೋಡಿಯೇ ಬೆಳೆದಿರುತ್ತೀರಿ. ನಿಮ್ಮ ಮಗಳು ಓದು, ಹಾಸ್ಟೆಲ್, ಆಫೀಸು ಅಂತ ಬೆಳೆದವಳು. ಅವಳು ಹತ್ತಿರದಿಂದ ನೋಡಿದ ಮೊದಲ ಹಸುಗೂಸು ಅವಳದೇ ಇರಬಹುದು. ಕಲಿಯುವುದು ಮೊದಲೂ ಇತ್ತು. ಮನೆಯಲ್ಲೇ ಸಿಗುತ್ತಿತ್ತು, ಅಷ್ಟೇ.

ಹೆರಿಗೆ ಆಸ್ಪತ್ರೆಗೆ ಹೋಯಿತು. ಒಳ್ಳೆಯದೇ ಆಯಿತು, ಎಷ್ಟೋ ಜೀವ ಉಳಿದವು. ಆದರೆ ತಾಯಿಯ ಪಕ್ಕ ಕೂರುವವರು ಅಲ್ಲಿ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ 100ಕ್ಕೆ 88ಕ್ಕೂ ಹೆಚ್ಚು ಹೆರಿಗೆ ಆಸ್ಪತ್ರೆಯಲ್ಲೇ ಆಗಿವೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು 100ಕ್ಕೆ ಸುಮಾರು 42 ಮಕ್ಕಳಿಗೆ ಮಾತ್ರ.

ನನ್ನದೇ ಕತೆ ಹೇಳುತ್ತೇನೆ. ಮಗ ಹುಟ್ಟಿದ ನಾಲ್ಕನೇ ದಿನ ನನಗೆ ಹಾಲು ಕಟ್ಟಿಕೊಂಡು ಎದೆ ಕಲ್ಲಾಗಿತ್ತು. ತೊಟ್ಟು ಒಡೆದಿತ್ತು. ಮಗು ಬಾಯಿ ಹಾಕಿದರೆ ನೋವಿಗೆ ಕಾಲ್ಬೆರಳು ಮುದುಡಿಕೊಳ್ಳುತ್ತಿದ್ದವು. ಬಂದವರೆಲ್ಲ "ಹಾಲಿಲ್ಲ, ಡಬ್ಬಿ ತನ್ನಿ" ಅನ್ನುತ್ತಿದ್ದರು. ರಾತ್ರಿ ಪಾಳಿಯ ಹಿರಿಯ ನರ್ಸ್ ಒಬ್ಬರು ಸ್ಟೂಲ್ ಎಳೆದುಕೊಂಡು ಕೂತರು. ಮೊದಲು ಕೈಯಿಂದ ಸ್ವಲ್ಪ ಹಾಲು ಹಿಂಡಿ ಎದೆ ಮೆತ್ತಗೆ ಮಾಡಿಸಿದರು. ಬೆನ್ನಿಗೆ ದಿಂಬು ಕೊಟ್ಟರು. ಮಗುವಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗುವ ಹಾಗೆ ಪೂರ್ತಿ ನನ್ನ ಕಡೆ ತಿರುಗಿಸಿದರು. ಮೂಗು ತೊಟ್ಟಿನ ನೇರಕ್ಕೆ ಬಂತು. "ಕಾಯಿರಿ, ಬಾಯಿ ಇನ್ನೂ ದೊಡ್ಡದಾಗಲಿ" ಅಂದರು. ಆಕಳಿಸುವ ಹಾಗೆ ಬಾಯಿ ತೆರೆದ ಕ್ಷಣ ಮಗುವನ್ನು ಎದೆಗೆ ತಂದರು. ಗಲ್ಲ ಎದೆಗೆ ಒತ್ತಿತು, ಕೆಳತುಟಿ ಹೊರಕ್ಕೆ ಮಡಚಿತು. ಸ್ವಲ್ಪ ಹೊತ್ತಿಗೆ ಗುಟುಕು ನುಂಗುವ ಶಬ್ದ ಕೇಳಿಸಿತು.

ನಮ್ಮಮ್ಮ ಪಕ್ಕದಲ್ಲೇ ನಿಂತಿದ್ದರು. ಐದು ಮಕ್ಕಳನ್ನು ಸಾಕಿದವರು. ಅವರ ಕೈಗೆ ಎಲ್ಲ ಗೊತ್ತಿತ್ತು. ಆದರೆ ಕೈಗೆ ಗೊತ್ತಿದ್ದನ್ನು ಬಾಯಲ್ಲಿ ಬಿಡಿಸಿ ಹೇಳಲು ಅವರಿಗೆ ಬರುತ್ತಿರಲಿಲ್ಲ. ಆ ಹುಡುಗಿಗೆ ನಿಮಗಿಂತ ಜಾಸ್ತಿ ಗೊತ್ತಿದೆ ಅಂತ ನಾನು ಹೇಳುವುದಿಲ್ಲ. ಬಿಡಿಸಿ ಹೇಳುವುದನ್ನು ಅವಳು ಕಲಿತಿದ್ದಾಳೆ. ಈ ಕೆಲಸಕ್ಕೆ ಅಂತರರಾಷ್ಟ್ರೀಯ ಪರೀಕ್ಷೆಯೇ ಇದೆ, 1985ರಿಂದ. ಮನೆಗೆ ಬರುವವರನ್ನು ಎಲ್ಲಿ ತರಬೇತಿ ಆಗಿದೆ ಅಂತ ಧೈರ್ಯವಾಗಿ ಕೇಳಿ. ಬಂದವರು ಹಾಲಿನ ಪುಡಿ ಡಬ್ಬಿಯನ್ನೋ ಬಾಟಲಿಯನ್ನೋ ಹೊಗಳಲು ಶುರು ಮಾಡಿದರೆ ವಾಪಸ್ ಕಳಿಸಿ. ಅವುಗಳ ಪ್ರಚಾರವನ್ನು ನಮ್ಮ ದೇಶದ ಕಾನೂನು 1992ರಲ್ಲೇ ನಿಷೇಧಿಸಿದೆ.

ಸಿಸೇರಿಯನ್ ಆದವರಿಗೆ ಹಾಲು ಇಳಿಯುವುದು ಒಂದೆರಡು ದಿನ ತಡವಾಗಬಹುದು. ಹೊಲಿಗೆಯ ಮೇಲೆ ಮಗುವಿನ ಭಾರ ಬಿದ್ದರೆ ನೋವು. ಮಗುವನ್ನು ಕಂಕುಳಡಿ ಇಟ್ಟು, ಕಾಲು ಹಿಂದಕ್ಕೆ ಮಾಡಿ ಕುಡಿಸಿದರೆ ಹೊಟ್ಟೆಗೆ ತಾಗುವುದಿಲ್ಲ. ಇನ್ನು ಹಾಲು ಸಾಲುತ್ತಿದೆಯಾ ಅನ್ನುವುದಕ್ಕೆ ಅಳುವನ್ನು ನೋಡಬೇಡಿ, ಬಟ್ಟೆ ಎಣಿಸಿ. ಈ ವಯಸ್ಸಿಗೆ ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಒದ್ದೆಯಾಗಬೇಕು. ಹುಟ್ಟಿದಾಗಿನ ತೂಕ ಎರಡು ವಾರದ ಹೊತ್ತಿಗೆ ವಾಪಸ್ ಬರಬೇಕು. ಅದಾಗದಿದ್ದರೆ, ಮಗು ಎಬ್ಬಿಸಿದರೂ ಏಳದಿದ್ದರೆ, ಹಳದಿ ಜಾಸ್ತಿಯಾದರೆ ಆವತ್ತೇ ಡಾಕ್ಟರ ಹತ್ತಿರ ಹೋಗಿ. ಕೆಲವರಿಗೆ ನಿಜವಾಗಿಯೂ ಹಾಲು ಕಡಿಮೆ ಇರುತ್ತದೆ. ಆಗ ಡಾಕ್ಟರು ಪುಡಿ ಹಾಲು ಬರೆದುಕೊಟ್ಟರೆ ಕೊಡಿ. ಅದಕ್ಕೆ ಮಗಳನ್ನು ದಯವಿಟ್ಟು ಯಾರೂ ಚುಚ್ಚಬೇಡಿ. ಅವಳು ಈಗಾಗಲೇ ಸಾಕಷ್ಟು ಅತ್ತಿದ್ದಾಳೆ.

ಜೇನು, ಬಜೆ, ನೀರಿನ ವಿಷಯದಲ್ಲಿ ನಾನು ಆ ಹುಡುಗಿಯ ಕಡೆ, ಅಮ್ಮಾ. ಬೇಜಾರಾಗಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನಿನಿಂದ ಬೊಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. ಬಜೆ ತೇಯ್ದು ನೆಕ್ಕಿಸಿದರೆ ಎಷ್ಟು ಒಳಗೆ ಹೋಯಿತು ಅನ್ನುವ ಅಳತೆಯೇ ಇಲ್ಲ. ನೀರು ಎದೆಹಾಲಿನಲ್ಲೇ ಇದೆ. ಬೇಸಿಗೆಯಲ್ಲೂ ಆರು ತಿಂಗಳವರೆಗೆ ಬೇರೆ ನೀರು ಬೇಡ. ಆದರೆ ಮಗಳಿಗೆ ಬೇಕು! ಬಾಣಂತಿ ನೀರು ಕುಡಿಯಬಾರದು ಅನ್ನುವ ಮಾತನ್ನು ಬಿಟ್ಟುಬಿಡಿ. ನಿಮ್ಮ ಸಬ್ಬಸಿಗೆ ಸೊಪ್ಪಿನ ಸಾರು, ಬೆಳ್ಳುಳ್ಳಿ ಒಗ್ಗರಣೆ, ಬಿಸಿ ಅನ್ನ ನಡೆಯಲಿ. ರಾತ್ರಿ ಮಗುವನ್ನು ತೇಗಿಸಿ ಮಲಗಿಸುವ ಕೆಲಸ ನೀವು ತೆಗೆದುಕೊಂಡರೆ ಅವಳಿಗೆ ಒಂದು ಗಂಟೆ ನಿದ್ದೆ ಸಿಗುತ್ತದೆ.

ದುಡ್ಡು ಕೊಡಲಾಗದ ಓದುಗರಿಗೂ ಇಲ್ಲೇ ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡಬೇಕು ಅಂತ ಸರ್ಕಾರದ ನಿಯಮವೇ ಇದೆ. ಬಂದಾಗ ಸುಮ್ನೆ ಸಹಿ ಹಾಕಿ ಕಳಿಸಬೇಡಿ. ಅವರ ಮುಂದೆ ಒಮ್ಮೆ ಹಾಲು ಕುಡಿಸಿ ತೋರಿಸಿ.

ಈಗ ಒಳಲೆಯ ವಿಷಯ. ದಿನ ತುಂಬದೆ ಹುಟ್ಟಿ, ಎಳೆದು ಕುಡಿಯಲು ಶಕ್ತಿಯಿಲ್ಲದ ಮಕ್ಕಳಿಗೆ ದೊಡ್ಡ ಆಸ್ಪತ್ರೆಗಳ ನರ್ಸ್‌ಗಳು ತಾಯಿಯ ಹಾಲು ಹಿಂಡಿ ಅಂಥದ್ದರಲ್ಲೇ ಕುಡಿಸುತ್ತಾರೆ. ಬಾಟಲಿಗಿಂತ ತೊಳೆಯುವುದು ಸುಲಭ, ರಬ್ಬರ್ ತೊಟ್ಟಿನ ರೂಢಿಯೂ ಆಗುವುದಿಲ್ಲ. ತೊಟ್ಟು ಒಡೆದು ಮಗಳಿಗೆ ಕುಡಿಸಲಾಗದ ಹೊತ್ತಿನಲ್ಲಿ ಹಿಂಡಿದ ಹಾಲನ್ನು ನೀವು ಒಳಲೆಯಲ್ಲಿ ಕುಡಿಸಬಹುದು. ಮೊದಲು ಒಳಲೆಯನ್ನು ನೀರಿನಲ್ಲಿ ಹಾಕಿ ಚೆನ್ನಾಗಿ ಕುದಿಸಿ ತೆಗೆಯಿರಿ. ಮಗುವನ್ನು ಸ್ವಲ್ಪ ಎತ್ತಿ ಹಿಡಿದು, ಕೆನ್ನೆಯ ಬದಿಯಿಂದ ಹನಿಹನಿಯಾಗಿ ಬಿಡಿ. ನುಂಗಿದ ಮೇಲೆ ಮುಂದಿನ ಹನಿ. ಆ ಹುಡುಗಿ ಮತ್ತೆ ಬಂದಾಗ ನೀವೂ ಕೋಣೆಯಲ್ಲಿ ಕೂತು, ಅವಳಿಗೆ ಅದನ್ನು ತೋರಿಸಿ. ಅವಳು ಏನಂದಳು ಅಂತ ನನಗೆ ಬರೆಯಿರಿ.

— ಸಂಪಾದಕಿ