ನಿಮ್ಮ ಲೇಖನದಲ್ಲಿ ಅನಿಲ ಎಲ್ಲಿ ಹೋಯಿತು?

ನಮಸ್ಕಾರ.

ನೀವು ಕಳಿಸಿದ ‘ಮಹಾತಾರೆಗಳ ಮಡಿಲಲ್ಲಿ’ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ ಅಂತ ಕೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ತೂಕದ ನಕ್ಷತ್ರಗಳು ತಮ್ಮ ಸುತ್ತಲಿನ ಅನಿಲವನ್ನು ಏನು ಮಾಡುತ್ತವೆ, ಅಲ್ಲಿ ಮುಂದೆ ಹುಟ್ಟಬೇಕಾದ ನಕ್ಷತ್ರಗಳ ಗತಿ ಏನಾಗುತ್ತದೆ ಅನ್ನುವುದು ತುಂಬ ಒಳ್ಳೆಯ ವಿಷಯ. ನನಗೆ ಬರುವ ಖಗೋಳ ಲೇಖನಗಳೆಲ್ಲ ಕಪ್ಪುಕುಳಿಯ ಸುತ್ತಲೇ ಸುತ್ತುವಾಗ ನೀವು ಇದನ್ನು ಆರಿಸಿಕೊಂಡಿದ್ದು ನನಗೆ ಖುಷಿ ಕೊಟ್ಟಿತು.

ತೊಂದರೆ ಇರುವುದು ಇಲ್ಲಿ. ಲೇಖನದ ಮುಕ್ಕಾಲು ಭಾಗ ಸೂಪರ್‌ನೋವಾಕ್ಕೇ ಹೋಗಿದೆ. ನಕ್ಷತ್ರ ಸಿಡಿಯಿತು, ಅಲೆ ಎದ್ದಿತು, ಮೋಡ ಕುಗ್ಗಿತು, ಹೊಸ ನಕ್ಷತ್ರ ಹುಟ್ಟಿತು. ಸರಿ, ಸಿಡಿಯುವ ಮುಂಚಿನ ಕೆಲವು ದಶಲಕ್ಷ ವರ್ಷ ಅದು ಸುಮ್ನೆ ಕೂತಿತ್ತಾ? ಅನಿಲದ ಮೇಲಿನ ಕೆಲಸ ಬಹಳಷ್ಟು ನಡೆಯುವುದೇ ಆಗ. ಆ ಭಾಗವನ್ನು ನೀವು ‘ತನ್ನ ಪ್ರಖರ ಪ್ರಭೆಯಿಂದ ದಿಗಂತವನ್ನು ಬೆಳಗುತ್ತಾ’ ಅನ್ನುವ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಆ ಪ್ರಭೆ ಏನು ಮಾಡುತ್ತದೆ ಅಂತ ಹೇಳಿ. ಓದುಗರಿಗೆ ಬೇಕಿರುವುದು ಅದು.

ಮೂರನೇ ಪುಟದಲ್ಲಿ ನಾಲ್ಕು ಸಾಲಿಗೆ ಮುಗಿಸಿರುವ ಓರಿಯನ್ ನೀಹಾರಿಕೆಯನ್ನೇ, ಅಂದರೆ ಹೊಳೆಯುವ ಆ ಅನಿಲದ ಮೋಡವನ್ನೇ, ಮುಂದಕ್ಕೆ ತನ್ನಿ. ಮಹಾವ್ಯಾಧನ (ಓರಿಯನ್) ಸೊಂಟದ ಮೂರು ನಕ್ಷತ್ರ ಎಲ್ಲರಿಗೂ ಗೊತ್ತು. ಅದರ ಕೆಳಗೆ ಕತ್ತಿಯ ಹಾಗೆ ಇಳಿಬಿದ್ದಿರುವ ಸಾಲಿನ ನಡುವೆ ಮಸುಕಾಗಿ ಕಾಣುವುದೇ ಅದು. ಇಲ್ಲಿಂದ ಸುಮಾರು 1,300 ಜ್ಯೋತಿರ್ವರ್ಷ ದೂರ. ಅದನ್ನು ಬೆಳಗಿಸುತ್ತಿರುವುದು ಮುಖ್ಯವಾಗಿ ಒಂದೇ ನಕ್ಷತ್ರ, ಥೀಟಾ-1 ಓರಿಯಾನಿಸ್ ಸಿ. ಮೇಲ್ಮೈ ಬಿಸಿ 40 ಸಾವಿರ ಡಿಗ್ರಿ ಹತ್ತಿರ. ಅಷ್ಟು ಬಿಸಿಯಾದ್ದರಿಂದ ಅದರಿಂದ ಹೊರಡುವ ಬೆಳಕಿನಲ್ಲಿ ನೇರಳಾತೀತವೇ ಜಾಸ್ತಿ, ಮತ್ತು ಆ ಬೆಳಕು ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕುತ್ತದೆ. ಹತ್ತಿಪ್ಪತ್ತು ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 250 ಡಿಗ್ರಿಗಿಂತಲೂ ಕೆಳಗೆ, ತಣ್ಣಗಿದ್ದ ಅನಿಲ ಹತ್ತು ಸಾವಿರಕ್ಕೆ ಏರುತ್ತದೆ. ಬಿಸಿ ಏರಿದರೆ ಒತ್ತಡ ಏರುತ್ತದೆ, ಒತ್ತಡ ಏರಿದ ಅನಿಲ ಸುತ್ತಲಿನ ತಣ್ಣನೆಯ ಮೋಡವನ್ನು ತಳ್ಳುತ್ತಾ ಹಿಗ್ಗುತ್ತದೆ. ಇಲ್ಲಿ ಒಂದು ಲೆಕ್ಕ ಕೊಡಿ: ಆ ಬಿಸಿ ಅನಿಲ ಸೆಕೆಂಡಿಗೆ 10 ಕಿಲೋಮೀಟರಿನಂತೆ ಹರಿದರೆ ಹತ್ತು ಲಕ್ಷ ವರ್ಷದಲ್ಲಿ 33 ಜ್ಯೋತಿರ್ವರ್ಷ ಹೋಗುತ್ತದೆ. ಅಂದರೆ ನಕ್ಷತ್ರ ಸಿಡಿಯುವ ಹೊತ್ತಿಗೆ ಅದು ಹುಟ್ಟಿದ ಮೋಡದ ಎಷ್ಟೋ ಭಾಗ ಆಗಲೇ ಚದುರಿರುತ್ತದೆ. ನೀವು ತುಂಬಿರುವ ಹದಿನೈದು ಇಪ್ಪತ್ತು ಸಂಖ್ಯೆಗಳ ಬದಲು ಇದೊಂದು ಸಾಕು.

ಬೆಳಕಿನ ಜೊತೆ ಗಾಳಿಯೂ ಇದೆ. ನಕ್ಷತ್ರದ ಮೈಯಿಂದಲೇ ಕಣಗಳು ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಹೊರಗೆ ನುಗ್ಗುತ್ತವೆ. ಬೋಯಿಂಗ್ 747 ವಿಮಾನದಲ್ಲಿ ಕೂರಿಸಿದ್ದ ಸೋಫಿಯಾ ದೂರದರ್ಶಕದಿಂದ ಖಗೋಳ ವಿಜ್ಞಾನಿಗಳು ಓರಿಯನ್‌ನ ಕಾರ್ಬನ್ ಅಯಾನುಗಳ ಬೆಳಕನ್ನು ಅಳೆದರು. ಈ ಗಾಳಿ ಸೂರ್ಯನ ಸಾವಿರಕ್ಕೂ ಹೆಚ್ಚು ಪಟ್ಟು ತೂಕದ ಅನಿಲವನ್ನು ಗುಡಿಸಿ, ಒಂದು ಗುಳ್ಳೆಯ ಚಿಪ್ಪಿನಂತೆ ಸೆಕೆಂಡಿಗೆ ಸುಮಾರು 13 ಕಿಲೋಮೀಟರ್ ವೇಗದಲ್ಲಿ ಹೊರಕ್ಕೆ ತಳ್ಳುತ್ತಿದೆ ಅಂತ 2019ರಲ್ಲಿ ಪ್ರಕಟಿಸಿದರು. ಒಂದೇ ಒಂದು ನಕ್ಷತ್ರ, ಅದೂ ಇನ್ನೂ ಸಿಡಿದಿಲ್ಲ! ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಇನ್ನೂ ಹತ್ತಿರ ಹೋಗಿ. ಅದೇ ನಕ್ಷತ್ರದ ಅಕ್ಕಪಕ್ಕ ಚಿಕ್ಕ ಚಿಕ್ಕ ಎಳೆಯ ನಕ್ಷತ್ರಗಳಿವೆ. ಒಂದೊಂದರ ಸುತ್ತಲೂ ಧೂಳು ಮತ್ತು ಅನಿಲದ ತಟ್ಟೆ. ಗ್ರಹಗಳು ಆಗುವುದು ಇಂಥ ತಟ್ಟೆಯಲ್ಲೇ. ಹಬಲ್ ಬಾಹ್ಯಾಕಾಶ ದೂರದರ್ಶಕ 1990ರ ದಶಕದಲ್ಲಿ ಇವನ್ನು ಬಿಡಿಬಿಡಿಯಾಗಿ ತೋರಿಸಿತು. ನಡುವೆ ಕಪ್ಪು ತಟ್ಟೆ, ದೊಡ್ಡ ನಕ್ಷತ್ರದ ಕಡೆಗೆ ಹೊಳೆಯುವ ಉಬ್ಬಿದ ತಲೆ, ಆಚೆ ಕಡೆಗೆ ಬಾಲ. ತಟ್ಟೆಯ ಅನಿಲ ಕಾದು ಆವಿಯಾಗಿ ಹೊರಟುಹೋಗುತ್ತಿರುವುದು ಕಣ್ಣಿಗೇ ಕಾಣುತ್ತದೆ. ಗ್ರಹ ಕಟ್ಟಿಕೊಳ್ಳಲು ಬೇಕಾದ ಸಾಮಾನು ಕಟ್ಟುವ ಮೊದಲೇ ಖಾಲಿಯಾಗುತ್ತಿದೆ. ‘ಸೃಷ್ಟಿ-ಲಯಗಳ ತಾಂಡವ’ ಅಂತ ನೀವು ಬರೆದಿದ್ದೀರಲ್ಲ, ಅದರ ಬದಲು ಈ ತಟ್ಟೆಗಳಲ್ಲಿ ಒಂದನ್ನು ಹತ್ತು ಸಾಲಿನಲ್ಲಿ ವರ್ಣಿಸಿ.

ಈಗ ನಿಮ್ಮ ಮುಖ್ಯ ವಾದಕ್ಕೆ ಬರುತ್ತೇನೆ. ಹದ್ದಿನ ನೀಹಾರಿಕೆಯಲ್ಲಿ ಎತ್ತರಕ್ಕೆ ನಿಂತಿರುವ ಅನಿಲ, ಧೂಳಿನ ‘ಸೃಷ್ಟಿಯ ಕಂಬಗಳ’ ಚಿತ್ರ ಕೊಟ್ಟು, ದೊಡ್ಡ ನಕ್ಷತ್ರಗಳು ಒತ್ತಿದ್ದರಿಂದಲೇ ಅಲ್ಲಿ ಹೊಸ ನಕ್ಷತ್ರಗಳು ಹುಟ್ಟಿದವು ಅಂತ ಖಡಾಖಂಡಿತವಾಗಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಆ ಕಂಬಗಳು ಉಳಿದಿದ್ದು ಹೇಗೆ ಅಂತ ಮೊದಲು ಹೇಳಿ. ಮಳೆಗಾಲದಲ್ಲಿ ಸೂರಿನ ನೀರು ಬೀಳುವ ಕಡೆ ನೋಡಿದ್ದೀರಲ್ವಾ, ಸುತ್ತಲಿನ ಮಣ್ಣೆಲ್ಲ ಕೊಚ್ಚಿ ಹೋಗಿ ಕಲ್ಲಿನ ಚೂರಿನ ಕೆಳಗಿನ ಮಣ್ಣು ಮಾತ್ರ ಪುಟ್ಟ ಕಂಬವಾಗಿ ನಿಂತಿರುತ್ತದೆ. ಇಲ್ಲೂ ತುದಿಯಲ್ಲಿರುವ ದಟ್ಟ ಅನಿಲದ ಗಂಟು ತನ್ನ ಹಿಂದಿನ ಅನಿಲಕ್ಕೆ ನೆರಳು ಕೊಟ್ಟಿದೆ. ಹಾಗಿದ್ದ ಮೇಲೆ ಆ ಗಂಟಿನೊಳಗೆ ಒಂದು ಎಳೆಯ ನಕ್ಷತ್ರ ಸಿಕ್ಕರೆ ಅದನ್ನು ಬೆಳಕು ಕಾಯಿಸಿದ ಅನಿಲದ ಒತ್ತಡ ಹುಟ್ಟಿಸಿತೋ, ಅಥವಾ ತನ್ನ ಪಾಡಿಗೆ ಮೊದಲೇ ಹುಟ್ಟುತ್ತಿದ್ದದ್ದನ್ನು ಬೆಳಕು ಮೇಲಿನ ಹೊದಿಕೆ ಕಿತ್ತು ಬಯಲಿಗೆ ತಂದಿತೋ? ಚಿತ್ರ ನೋಡಿ ಹೇಳಲು ಬರುವುದಿಲ್ಲ. 1995ರ ಹಬಲ್ ಚಿತ್ರದಲ್ಲಿ ಗುರುತಿಸಿದ್ದ 73 ಅನಿಲದ ಗಂಟುಗಳನ್ನು ಆಮೇಲೆ ಅವಕೆಂಪು ಬೆಳಕಿನಲ್ಲಿ ನೋಡಿದಾಗ 11ರಲ್ಲಿ ಮಾತ್ರ ನಕ್ಷತ್ರದ ಕುರುಹು ಸಿಕ್ಕಿತು.

ಒತ್ತಡದಿಂದ ಹುಟ್ಟು ಸಾಧ್ಯವೇ ಇಲ್ಲ ಅಂತ ಅಲ್ಲ. ತಳ್ಳಿದ ಅನಿಲ ಅಂಚಿನಲ್ಲಿ ಪದರವಾಗಿ ಕೂಡಿಕೊಂಡು, ಆ ಪದರ ಕುಸಿದು ಮುಂದಿನ ತಲೆಮಾರು ಹುಟ್ಟಬಹುದು ಅಂತ ಖಗೋಳ ವಿಜ್ಞಾನಿಗಳಾದ ಎಲ್ಮಗ್ರೀನ್ ಮತ್ತು ಲಾಡಾ 1977ರಲ್ಲೇ ವಾದಿಸಿದ್ದರು. ಆದರೆ ಇನ್ನೊಂದು ಕಡೆಯೂ ಇದೆ. ಒಂದು ಮೋಡದ ಅನಿಲದಲ್ಲಿ ನಕ್ಷತ್ರವಾಗುವುದು ನೂರಕ್ಕೆ ಕೆಲವೇ ಪಾಲು, ಮತ್ತು ಉಳಿದದ್ದು ಚದುರಿಹೋಗಲು ಒಂದು ದೊಡ್ಡ ಕಾರಣ ಇದೇ ನಕ್ಷತ್ರಗಳು. ಒಂದು ಕಡೆ ಒತ್ತುತ್ತವೆ, ಹತ್ತು ಕಡೆ ಓಡಿಸುತ್ತವೆ. ನೀವು ಮೊದಲನೆಯದನ್ನು ಮಾತ್ರ ಬರೆದು ಅವಕ್ಕೆ ತಾಯಿಯ ಪಟ್ಟ ಕಟ್ಟಿದ್ದೀರಿ. ವಿಜ್ಞಾನಿಗಳು ಇನ್ನೂ ಜಗಳ ಆಡುತ್ತಿರುವ ಜಾಗ ಇದು. ಜಗಳವನ್ನು ಮುಚ್ಚಿಡಬೇಡಿ, ಲೇಖನಕ್ಕೆ ಜೀವ ಬರುವುದೇ ಅಲ್ಲಿ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಲ್ಲಿ ಗುರುತು ಹಾಕಿ ಕಳಿಸಿದ್ದೇನೆ. ಐದನೇ ಪುಟದಲ್ಲಿ ಧೂಳಿನ ಬಗ್ಗೆ ಬರೆದಿರುವ ಪ್ಯಾರಾ ಮಾತ್ರ ಹಾಗೇ ಇರಲಿ, ಅಲ್ಲಿ ನೀವು ಯಾರನ್ನೂ ಬೆರಗುಗೊಳಿಸಲು ಹೋಗದೆ ನಿಮ್ಮದೇ ಮಾತಿನಲ್ಲಿ ಹೇಳಿದ್ದೀರಿ.

ಓರಿಯನ್‌ನಿಂದ ಶುರು ಮಾಡಿ, ಕಂಬಗಳನ್ನು ಕೊನೆಗೆ ಇಡಿ, ಸೂಪರ್‌ನೋವಾ ಒಂದೇ ಪ್ಯಾರಾ ಇರಲಿ. ಈಗಿನದರ ಅರ್ಧದಷ್ಟಾದರೂ ಪರವಾಗಿಲ್ಲ. ತಟ್ಟೆಗಳ ಹಬಲ್ ಚಿತ್ರ ನಾಸಾ ತಾಣದಲ್ಲಿ ಸಿಗುತ್ತದೆ, ಅದನ್ನೂ ಜೊತೆಗೆ ಕಳಿಸಿ. ಕೆಳಗೆ ಕೃಪೆ ಅಂತ ಯಾರ ಹೆಸರು ಹಾಕಬೇಕು ಅನ್ನುವುದು ಅಲ್ಲೇ ಬರೆದಿರುತ್ತದೆ.