ಅಂಗಳದ ಪಾಚಿಯಿಂದ ಶುರು ಮಾಡಿ, ಮೇಷ್ಟ್ರೇ

ನಮಸ್ಕಾರ ಮೇಷ್ಟ್ರೇ,

ತೀರ್ಥಹಳ್ಳಿಯಿಂದ ನೀವು ಕಳಿಸಿದ ವಾಯುಮಂಡಲದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ನೆ ಕೂರಲು ನನಗೆ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತಪ್ಪು ಹೇಳಿಬಿಡುತ್ತೇನೆ. ಕಾಡು ಬೆಳೆದ ಮೇಲೆ ಭೂಮಿಗೆ ಆಮ್ಲಜನಕ ಸಿಕ್ಕಿತು ಅಂತ ಬರೆದಿದ್ದೀರಿ. ಸುತ್ತ ಕಾಡೇ ಇರುವವರಿಗೆ ಹಾಗೆ ಅನ್ನಿಸುತ್ತದೆ, ಒಪ್ಪುತ್ತೇನೆ. ಆದರೆ ಲೆಕ್ಕ ಕೂಡುವುದಿಲ್ಲ. ಭೂಮಿಗೆ ಸುಮಾರು 454 ಕೋಟಿ ವರ್ಷ. ಗಾಳಿಯಲ್ಲಿ ಆಮ್ಲಜನಕ ನಿಲ್ಲತೊಡಗಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಮರಗಳು ಬಂದು 40 ಕೋಟಿ ವರ್ಷವೂ ಆಗಿಲ್ಲ.

ಆ ಕೆಲಸ ಮಾಡಿದ್ದು ಸಯನೋಬ್ಯಾಕ್ಟೀರಿಯಾ, ನಾವು ನೀಲಿ-ಹಸಿರು ಪಾಚಿ ಅನ್ನುತ್ತೇವಲ್ಲ, ಅದು. ಇದು ನಿಮ್ಮ ಐದನೇ ಪುಟದಲ್ಲೇ ಇದೆ! ಮಳೆಗಾಲದಲ್ಲಿ ಅಂಗಳ ಜಾರುತ್ತದೆ ಅಂತ ನಿಮ್ಮ ಅಜ್ಜಿ ಕೊಟ್ಟಿಗೆವರೆಗೂ ಅಡಿಕೆ ಮರ ಸೀಳಿದ ದಬ್ಬೆ ಹಾಸುತ್ತಿದ್ದರು, ದಬ್ಬೆ ಎತ್ತಿದರೆ ಅಡಿಯಲ್ಲಿ ಬರೀ ಮಣ್ಣು, ಪಕ್ಕದಲ್ಲೆಲ್ಲ ಕಪ್ಪು-ಹಸಿರು ಲೋಳೆ. ಇಷ್ಟು ಚೆನ್ನಾಗಿ ನೋಡಿದ್ದನ್ನು ನಾಲ್ಕು ಸಾಲಿಗೆ ಬಿಟ್ಟುಬಿಟ್ಟಿದ್ದೀರಿ. ಬೆಳಕು ಬಿದ್ದಲ್ಲಿ ಬೆಳೆಯಿತು, ಮುಚ್ಚಿದಲ್ಲಿ ಇಲ್ಲ. ಆ ಲೋಳೆಯಲ್ಲಿ ನೀಲಿ-ಹಸಿರು ಪಾಚಿಯೂ ಇರುತ್ತದೆ. ಬೆಳಕು, ನೀರು, ಇಂಗಾಲದ ಡೈಆಕ್ಸೈಡ್ ಬಳಸಿ ಆಹಾರ ಮಾಡಿಕೊಂಡು ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ಲೇಖನ ಶುರುವಾಗಬೇಕಾದ್ದು ಅಲ್ಲಿಂದ.

ಅದಕ್ಕೂ ಹಿಂದಿನ ಗಾಳಿಗೆ ಎರಡು ಪುಟ ಜಾಸ್ತಿಯಾಯಿತು. ಜ್ವಾಲಾಮುಖಿಗಳು ನೀರಾವಿ, ಇಂಗಾಲದ ಡೈಆಕ್ಸೈಡ್, ಸಾರಜನಕ ಉಗುಳಿದವು, ಆವಿ ತಣಿದು ಸಮುದ್ರವಾಯಿತು ಅಂದರೆ ಸಾಕು. ಆಗ ಆಮ್ಲಜನಕ ಇರಲಿಲ್ಲ ಅನ್ನುವುದಕ್ಕೆ ಸಾಕ್ಷಿ ಕೊಡಿ. ಭದ್ರಾವತಿ ಕಾರ್ಖಾನೆಗೆ ಅದಿರು ಬರುತ್ತಿದ್ದ ಕೆಮ್ಮಣ್ಣುಗುಂಡಿ ನಿಮಗೆ ಗೊತ್ತು. ಆ ಬಾಬಾಬುಡನ್ ಗಿರಿಯ ಕಬ್ಬಿಣದ ಬಂಡೆ 250 ಕೋಟಿ ವರ್ಷಕ್ಕೂ ಹಳೆಯದು, ಕಬ್ಬಿಣದ್ದೊಂದು ಗೆರೆ, ಸಿಲಿಕಾದ್ದೊಂದು ಗೆರೆ, ಹೀಗೆ ಪದರ ಪದರ. ಆ ಕಬ್ಬಿಣ ಒಂದು ಕಾಲಕ್ಕೆ ಸಮುದ್ರದ ನೀರಿನಲ್ಲಿ ಕರಗಿತ್ತು. ನೀರಿನಲ್ಲಿ ಆಮ್ಲಜನಕ ಇದ್ದರೆ ಅಷ್ಟು ಕಬ್ಬಿಣ ಕರಗಿ ಉಳಿಯುವುದೇ ಇಲ್ಲ. ಕೆಲವು ಬೋರ್‌ವೆಲ್ ನೀರು ಬಕೆಟ್ಟಿಗೆ ತಿಳಿಯಾಗಿ ಬೀಳುತ್ತದೆ, ಬೆಳಗಾಗುವುದರೊಳಗೆ ತಳದಲ್ಲಿ ಕೆಂಪು ಗಸಿ ಕಟ್ಟುತ್ತದೆ. ಗಾಳಿ ತಾಗಿ ಕಬ್ಬಿಣ ತುಕ್ಕಾಯಿತು, ಅಷ್ಟೇ. ಪಾಚಿ ಬಿಟ್ಟ ಮೊದಮೊದಲ ಆಮ್ಲಜನಕವೂ ಹೀಗೆ ಕಬ್ಬಿಣಕ್ಕೆ, ಜ್ವಾಲಾಮುಖಿಯ ಅನಿಲಗಳಿಗೆ ಖರ್ಚಾಗುತ್ತಿತ್ತು, ಗಾಳಿಗೆ ಉಳಿಯುತ್ತಿರಲಿಲ್ಲ.

ಇನ್ನು 'ಕಾಡು ಭೂಮಿಯ ಶ್ವಾಸಕೋಶ' ಅನ್ನುವ ಮಾತು. ದಯವಿಟ್ಟು ತೆಗೆಯಿರಿ. ಸೊಪ್ಪಿನಬೆಟ್ಟದ ದರಗು, ಅಂದರೆ ಉದುರಿದ ಒಣ ಎಲೆ, ತಂದು ಕೊಟ್ಟಿಗೆಗೆ ಹಾಸಿ ಗೊಬ್ಬರಗುಂಡಿಗೆ ಹಾಕುತ್ತೇವಲ್ಲ, ಆ ಎಲೆ ಬೆಳೆಯುವಾಗ ಬಿಟ್ಟ ಆಮ್ಲಜನಕ ಅದು ಕೊಳೆಯುವಾಗ ಹೆಚ್ಚುಕಡಿಮೆ ಪೂರ್ತಿ ವಾಪಸ್ ಖರ್ಚಾಗುತ್ತದೆ. ಕೊಳೆಯದೆ ಹೂತುಹೋದ ಪಾಲಿಗೆ ಮಾತ್ರ ಆಮ್ಲಜನಕ ಮಿಕ್ಕಿತು. ಹಾಗೆ ಮಿಕ್ಕು ಮಿಕ್ಕು ಇವತ್ತು ಗಾಳಿಯಲ್ಲಿ ಶೇ. 21 ಇದೆ. ಸುಮಾರು 30 ಕೋಟಿ ವರ್ಷದ ಹಿಂದೆ ಹೂತ ಕಾಡೇ ಕಲ್ಲಿದ್ದಲು. ಅದನ್ನೀಗ ಅಗೆದು ಸುಡುತ್ತಿದ್ದೇವೆ, ಹತ್ತು ಲಕ್ಷಕ್ಕೆ 280 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ 420 ದಾಟಿದೆ. ಕಾಡು ಉಳಿಯಬೇಕು ಅನ್ನುವುದಕ್ಕೆ ಬೇರೆ ಗಟ್ಟಿ ಕಾರಣಗಳಿವೆ, ಬೇಸಿಗೆಯಲ್ಲಿ ಹೊಳೆ ಹರಿಯುವುದೇ ಒಂದು. ಅದನ್ನು ಬರೆಯಿರಿ, ನಾನು ಒಂದಕ್ಷರವೂ ತೆಗೆಯುವುದಿಲ್ಲ.

'ಭೂತಾಯಿಯ ಮಡಿಲಲ್ಲಿ' ಅಂತ ಶುರುವಾಗುವ ಮೊದಲ ಪುಟ ಪೂರ್ತಿ ಬಿಡಿ. ಒಂದು ಸಾವಿರ ಪದದೊಳಗೆ ಇರಲಿ. ಆಯುಧಪೂಜೆಯೊಳಗೆ ಕಳಿಸಿದರೆ ದೀಪಾವಳಿ ಸಂಚಿಕೆಯಲ್ಲಿ ಜಾಗ ಹಿಡಿದಿಟ್ಟಿರುತ್ತೇನೆ. ದಬ್ಬೆ ಹಾಸಿದ ಅಂಗಳದ ಫೋಟೊ ಇದ್ದರೆ ಅದನ್ನೂ ಜೊತೆಗೆ ಕಳಿಸಿ.