ಎರಡನೆಯ ಗೆಳೆಯ ಏಕೆ ಸುಮ್ಮನಿದ್ದಾನೆ?

ಆತ್ಮೀಯ ಲೇಖಕರಿಗೆ ನಮಸ್ಕಾರ.

ಇಂದಿನ ಜಾಜ್ ಸಂಗೀತವನ್ನು ಕುರಿತು ನೀವು ಕಳಿಸಿದ ಸಂವಾದ ರೂಪದ ಲೇಖನ ತಲುಪಿದೆ. ರಾಯಚೂರಿನ ಮಾವಿನಕೆರೆ ದಂಡೆಯ ಮೇಲೆ ಸಂಜೆ ಹೊತ್ತು ಇಬ್ಬರು ಗೆಳೆಯರು ಕೂತಿರುತ್ತಾರೆ. ಒಬ್ಬ ತಾನು ಕೇಳಿದ ಜಾಜ್ ಕಲಾವಿದರ ಬಗ್ಗೆ ಹೇಳುತ್ತಾ ಹೋಗುತ್ತಾನೆ, ಇನ್ನೊಬ್ಬ ಕೇಳುತ್ತಾ ಹೋಗುತ್ತಾನೆ. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ಇಂಥ ವಿಷಯದ ಮೇಲೆ ಬರಹ ಬರುವುದು ಅಪರೂಪ. ನಿಮ್ಮ ಭಾಷೆ ಅಚ್ಚುಕಟ್ಟಾಗಿದೆ, ಓದಿಕೊಂಡದ್ದೂ ಸಾಕಷ್ಟಿದೆ. ಆದರೂ ಲೇಖನವನ್ನು ಈಗಿರುವಂತೆ ಪ್ರಕಟಿಸಲಾರೆ. ಎರಡು ಸಾಲಿನ ವಿಷಾದಪತ್ರ ಬರೆದು ಮರಳಿಸುವುದು ಇಂಥಲ್ಲಿ ವಾಡಿಕೆ. ನಿಮ್ಮ ಏಳನೆಯ ಪುಟದ ಒಂದು ವಾಕ್ಯ ನನ್ನನ್ನು ಹಾಗೆ ಮಾಡಲು ಬಿಡಲಿಲ್ಲ.

ಅಮೆರಿಕದ ಪಿಯಾನೋ ವಾದಕ ವಿಜಯ್ ಅಯ್ಯರ್ ಅವರ ಮೂವರ ತಂಡದ 2021ರ ಧ್ವನಿಮುದ್ರಿಕೆಯ ಬಗ್ಗೆ, ಅದರಲ್ಲಿನ ತಗ್ಗುಸ್ವರದ ದೊಡ್ಡ ತಂತಿವಾದ್ಯ ಬಾಸ್ ಬಗ್ಗೆ ಹೇಳುತ್ತಾ, "ಬಾಸ್ ಒಮ್ಮೆಲೆ ನಿಂತಾಗಲೇ ಅಲ್ಲಿಯವರೆಗೆ ಅದು ನುಡಿಯುತ್ತಿತ್ತೆಂದು ನನಗೆ ತಿಳಿದದ್ದು" ಎಂದು ಬರೆದಿದ್ದೀರಿ. ಇದು ಕಿವಿಗೊಟ್ಟು ಕೇಳಿದವರು ಮಾತ್ರ ಬರೆಯಬಲ್ಲ ವಾಕ್ಯ. ಆದರೆ ಅದರ ಬೆನ್ನಿಗೇ, "ಅದೊಂದು ಅಲೌಕಿಕ, ಮಾಂತ್ರಿಕ, ವರ್ಣನಾತೀತ ಅನುಭವ" ಎಂದು ಇನ್ನೊಂದು ವಾಕ್ಯ ಬಂದು ಮೊದಲನೆಯದನ್ನು ಅಳಿಸಿಹಾಕುತ್ತದೆ. ವರ್ಣನಾತೀತ ಎಂದ ಮೇಲೆ ಓದುಗನಿಗೆ ಅಲ್ಲಿ ಕೇಳಿಸಿಕೊಳ್ಳಲು ಏನು ಉಳಿಯಿತು? ಇನ್ನೂ ಒಂದು ವಿಷಯ ನನ್ನನ್ನು ಕಾಡಿತು. ಪಿಯಾನೋ ನುಡಿಸಿದ ಅಯ್ಯರ್ ಅವರ ಹೆಸರಿದೆ, ಡ್ರಮ್ಸ್ ನುಡಿಸಿದ ಟೈಶಾನ್ ಸೋರಿ ಅವರ ಹೆಸರಿದೆ, ಸೋರಿ ಅವರಿಗೆ 2024ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದದ್ದೂ ಇದೆ. ನಿಮ್ಮ ಕಿವಿ ಹಿಡಿದು ನಿಲ್ಲಿಸಿದ ಆ ಬಾಸ್ ವಾದಕಿ ಮಾತ್ರ "ಒಬ್ಬ ಮಹಿಳೆ" ಆಗಿದ್ದಾರೆ. ಅವರ ಹೆಸರು ಲಿಂಡಾ ಮೇ ಹಾನ್ ಓ. ಹುಟ್ಟಿದ್ದು ಮಲೇಷ್ಯಾದಲ್ಲಿ, ಬೆಳೆದದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಕೇಳಿದ್ದನ್ನು ಬಿಟ್ಟು ಓದಿದ್ದನ್ನು ಬರೆಯಹೊರಟಾಗ ಹೀಗಾಗುತ್ತದೆ.

ಈಗ ಮೊದಲ ಪುಟಕ್ಕೆ ಬರುತ್ತೇನೆ. "ನ್ಯೂಯಾರ್ಕಿನ ಹೊಗೆ ತುಂಬಿದ ನೆಲಮಾಳಿಗೆಯಲ್ಲಿ ಸ್ಯಾಕ್ಸೋಫೋನು ಅಳುತ್ತಿರುತ್ತದೆ" ಎಂಬುದು ನಿಮ್ಮ ಮೊದಲ ಗೆಳೆಯನ ಮೊದಲ ಮಾತು. ನೆಲಮಾಳಿಗೆ ನಿಜ. ವಿಲೇಜ್ ವ್ಯಾನ್‌ಗಾರ್ಡ್ ಎಂಬ ಹೆಸರಾಂತ ಕ್ಲಬ್ಬು 1935ರಿಂದ ಅಂಥದೊಂದು ನೆಲಮಾಳಿಗೆಯಲ್ಲೇ ನಡೆಯುತ್ತಿದೆ, ಅಲ್ಲಿ ಹಿಡಿಸುವುದು ಸುಮಾರು 123 ಜನ. ಹೊಗೆ ಮಾತ್ರ ಸುಳ್ಳು. ನ್ಯೂಯಾರ್ಕ್ ನಗರದ ಬಾರುಗಳಲ್ಲಿ ಧೂಮಪಾನ ನಿಷೇಧವಾದದ್ದು 2003ರ ಮಾರ್ಚ್ ಕೊನೆಯಲ್ಲಿ. ತಲೆಬರಹದಲ್ಲಿ "ಸಮಕಾಲೀನ" ಎಂದು ಬರೆದ ನೀವು ಮೊದಲ ಸಾಲಿನಲ್ಲೇ ಹಳೆಯ ಸಿನಿಮಾದ ಹೊಗೆಯನ್ನು ತಂದು ತುಂಬಿದ್ದೀರಿ. ಇದು ಸಣ್ಣ ತಪ್ಪೆಂದು ನಿಮಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ, ಏಕೆಂದರೆ ಆ ಹೊಗೆಯ ಜೊತೆಗೇ "ಅಳುವ ಸ್ಯಾಕ್ಸೋಫೋನು" ಕೂಡ ಬಂದಿದೆ. ಯಾವ ಸ್ಯಾಕ್ಸೋಫೋನು? ಎತ್ತರದ ದನಿಯ ಆಲ್ಟೋವೋ, ತಗ್ಗಿನ ದನಿಯ ಟೆನರೋ? ಮೇಲಿನ ಸ್ವರದಲ್ಲೋ ಕೆಳಗಿನದರಲ್ಲೋ? ಅದು ಅಳುವಾಗ ಡ್ರಮ್ಮರ್ ಏನು ಮಾಡುತ್ತಿದ್ದ? ಇವುಗಳಲ್ಲಿ ಒಂದಕ್ಕೂ ನಿಮ್ಮ ಪುಟದಲ್ಲಿ ಉತ್ತರವಿಲ್ಲ.

ಎರಡನೆಯ ಪುಟದಲ್ಲಿ ನಾನು ಪೆನ್ನು ಕೆಳಗಿಟ್ಟು ಎದ್ದು ಹೋಗಬೇಕಾಯಿತು. "ಜಾಜ್‌ನಲ್ಲಿ ನಿಯಮವೆಂಬುದೇ ಇಲ್ಲ, ಆ ಹೊತ್ತಿಗೆ ಮನಸ್ಸಿಗೆ ಬಂದದ್ದನ್ನು ನುಡಿಸುವುದೇ ಜಾಜ್" ಎನ್ನುತ್ತಾನೆ ಮೊದಲ ಗೆಳೆಯ. "ಆಹಾ, ಎಂಥ ಸ್ವಾತಂತ್ರ್ಯ!" ಎನ್ನುತ್ತಾನೆ ಎರಡನೆಯವನು. ಒಂದು ಕಲೆಗೆ ಜೀವ ಸವೆಸಿದವರ ಶ್ರಮವನ್ನೆಲ್ಲ ಈ ಎರಡು ಸಾಲು ಇಲ್ಲವೆನ್ನಿಸಿಬಿಡುತ್ತವೆ. ನಾಲ್ಕು ಎಣಿಕೆಯ ಒಂದು ಅಳತೆಗೆ ಅವರು ಬಾರ್ ಎನ್ನುತ್ತಾರೆ. ಬ್ಲೂಸ್‌ನ ಒಂದು ಸುತ್ತಿಗೆ ಸಾಮಾನ್ಯವಾಗಿ 12 ಬಾರ್, ಹಳೆಯ ಜನಪ್ರಿಯ ಹಾಡುಗಳಿಂದ ಬಂದ ಬಹುಪಾಲು ಕೃತಿಗಳಿಗೆ 32. ಆ ಸುತ್ತಿನೊಳಗೆ ಎಲ್ಲಿ ಯಾವ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಬರಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಒಬ್ಬ ಸೋಲೋ, ಅಂದರೆ ಮುಂದೆ ನಿಂತು ತನ್ನದೇ ವಿಸ್ತಾರ, ನುಡಿಸುವಾಗ ಅವನೂ, ಪಿಯಾನೋದವನೂ, ಬಾಸ್‌ನವನೂ, ಡ್ರಮ್ಮರನೂ ಆ ಸುತ್ತನ್ನು ಮನಸ್ಸಿನೊಳಗೇ ಎಣಿಸುತ್ತಿರುತ್ತಾರೆ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಸುತ್ತು ಮುಗಿಯುವಲ್ಲಿ ನಾಲ್ವರೂ ಒಟ್ಟಿಗೆ ಬಂದು ನಿಲ್ಲುತ್ತಾರೆ. ಕೆಲವೊಮ್ಮೆ ನಾಲ್ಕು ಬಾರ್ ಸ್ಯಾಕ್ಸೋಫೋನು, ನಾಲ್ಕು ಬಾರ್ ಡ್ರಮ್ಸ್ ಎಂದು ಹಂಚಿಕೊಂಡು ಒಬ್ಬರ ಮಾತಿಗೆ ಒಬ್ಬರು ಉತ್ತರ ಕೊಡುತ್ತಾರೆ. ಈ ಕಟ್ಟುಪಾಡನ್ನು ಕಿತ್ತೆಸೆದವರೂ ಇದ್ದಾರಲ್ಲ ಎಂದು ನೀವು ಕೇಳಬಹುದು. ಇದ್ದಾರೆ. 1960ರ ಡಿಸೆಂಬರಿನಲ್ಲಿ ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ ನಾಲ್ವರ ಎರಡು ತಂಡಗಳನ್ನು ಒಟ್ಟಿಗೆ ಕೂರಿಸಿ, ಕಾರ್ಡ್‌ಗಳ ಸುತ್ತನ್ನು ಬಿಟ್ಟು ನುಡಿಸಿದ್ದನ್ನು ಧ್ವನಿಮುದ್ರಿಸಿದರು. ಕೇಳಿ ನೋಡಿ. ಅಲ್ಲಿ ಎಂಟು ಜನರೂ ಉಳಿದ ಏಳು ಜನರ ಕಡೆ ಕಿವಿ ಇಟ್ಟುಕೊಂಡೇ ನುಡಿಸುತ್ತಿದ್ದಾರೆ. ಹಿಡಿದುಕೊಳ್ಳಲು ಕಾರ್ಡ್‌ಗಳ ಸುತ್ತಿಲ್ಲದಾಗ ಕಿವಿಯ ಮೇಲಿನ ಭಾರ ಇನ್ನೂ ಹೆಚ್ಚುತ್ತದೆ.

ಈ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯಲು ಕಾರಣವಿದೆ. ನಾನು ಬರೆಯಲು ಕಲಿತದ್ದು ಇದೇ ರಾಯಚೂರಿನ ಒಂದು ಸಣ್ಣ ಪತ್ರಿಕೆಯಲ್ಲಿ, ಇನ್ನೂ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ. ಅಲ್ಲಿದ್ದ ಹಿರಿಯ ಉಪಸಂಪಾದಕರು ಸಂಗೀತ ಮತ್ತು ನಾಟಕದ ವರದಿಗಳನ್ನು ನನಗೆ ವಹಿಸುವ ಮೊದಲು, ಜಾತ್ರೆಗೆ ಬಂದು ಕ್ಯಾಂಪ್ ಹಾಕಿದ್ದ ಒಂದು ನಾಟಕ ಕಂಪನಿಗೆ ನನ್ನನ್ನು ಕರೆದೊಯ್ದು, ರಂಗದ ಪಕ್ಕದಲ್ಲಿ ಪೇಟಿ ಮಾಸ್ತರರ ಹತ್ತಿರ ಕೂರಿಸಿದರು. ಹಾಡುವ ನಟಿಯ ಕಡೆ ನೋಡಬಾರದು, ಮಾಸ್ತರರ ಬೆರಳುಗಳನ್ನು ಮಾತ್ರ ನೋಡಬೇಕು, ಕಂಡದ್ದನ್ನು ಬರೆದು ತರಬೇಕು ಎಂಬುದು ಅವರ ಅಪ್ಪಣೆ. ಮಾಸ್ತರರದು ಲೆಗ್ ಹಾರ್ಮೋನಿಯಂ, ಕಾಲಿನಿಂದ ತಿದಿ ಒತ್ತುವುದರಿಂದ ಎರಡೂ ಕೈ ಖಾಲಿ. ನಟಿ ಹಾಡು ಮುಗಿಸುವಷ್ಟರಲ್ಲಿ ಪ್ರೇಕ್ಷಕರಿಂದ "ಒನ್ಸ್ ಮೋರ್" ಎಂಬ ಕೂಗು ಏಳುತ್ತಿತ್ತು. ಆಕೆ ಪಲ್ಲವಿಗೆ ಮರಳಿ ಪ್ರತಿ ಸಲವೂ ಅದೇ ಸಾಲನ್ನು ಬೇರೆ ಬೇರೆಯಾಗಿ ಎಳೆಯುತ್ತಿದ್ದಳು. ಆಕೆ ಉಸಿರು ತೆಗೆದುಕೊಳ್ಳುವ ಆ ಸಣ್ಣ ಸಂದಿನಲ್ಲಿ ಮಾಸ್ತರರ ಬಲಗೈ ಮೂರೋ ನಾಲ್ಕೋ ಸ್ವರ ಇಟ್ಟು, ಆಕೆಯ ತುಟಿ ಅಲುಗುವ ಮೊದಲೇ ಪೇಟಿಯ ಕೀಲಿಮನೆಗಳಿಂದ ಮೇಲೇಳುತ್ತಿತ್ತು. ಮೂರನೆಯ ಒನ್ಸ್ ಮೋರ್‌ನಲ್ಲಿ ಆಕೆ ಒಂದು ಸಾಲನ್ನೇ ಹಾರಿಸಿ ನೇರವಾಗಿ ಮೇಲಿನ ಷಡ್ಜಕ್ಕೆ ಹೋದಳು. ಮಾಸ್ತರರು ತಬಲದವರ ಕಡೆ ಗದ್ದ ಒಮ್ಮೆ ಎತ್ತಿದರು, ಅಷ್ಟೆ. ಮೂವರೂ ಒಟ್ಟಿಗೆ ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದರು.

ನಾನು ಬರೆದು ತಂದದ್ದನ್ನು ಉಪಸಂಪಾದಕರು ತಾವು ಓದಿ ಸುಮ್ಮನಾಗಲಿಲ್ಲ. ಮೊಳೆ ಜೋಡಿಸುವವರ ಎದುರು ಗಟ್ಟಿಯಾಗಿ ಓದಿಸಿದರು. ಆ ರಾತ್ರಿ ಅದೇ ನಾಟಕಕ್ಕೆ ಹೋಗಿದ್ದ ಒಬ್ಬರು ಕೈಯಲ್ಲಿದ್ದ ಮೊಳೆಗಳನ್ನು ಹಾಗೇ ಹಿಡಿದುಕೊಂಡು, "ಹೌದ್ರೀ, ಆಕಿ ಸಾಲು ಬಿಟ್ಟಿದ್ಲು, ನನಗ ಈಗ ಗೊತ್ತಾತು" ಎಂದರು. ಆ ವರದಿ ಅಚ್ಚಾಗಲಿಲ್ಲ. ಅಚ್ಚಿಗೆಂದು ಅವರು ಬರೆಸಿರಲೂ ಇಲ್ಲ. ಮರುವಾರದಿಂದ ಸಂಗೀತದ ವರದಿ ನನ್ನ ಪಾಲಿಗೆ ಬಂತು.

ಜಾಜ್ ತಂಡದಲ್ಲಿ ಪಿಯಾನೋದವರು ಸೋಲೋ ನುಡಿಸುವವರ ಬೆನ್ನಿಗೆ ನಿಂತು ಮಾಡುವ ಈ ಬಗೆಯ ಕೆಲಸಕ್ಕೆ ಕಾಂಪಿಂಗ್ ಎನ್ನುತ್ತಾರೆ. ನಿಮ್ಮ ಹನ್ನೆರಡು ಪುಟಗಳಲ್ಲಿ ಎಂಟು ಮಂದಿ ಸ್ಯಾಕ್ಸೋಫೋನ್ ವಾದಕರ ಹೆಸರು ಬರುತ್ತದೆ; ಅವರು ನುಡಿಸುವಾಗ ಹಿಂದೆ ನಿಂತವರು ಏನು ಮಾಡಿದರೆಂಬುದು, ಆ ಬಾಸ್ ಕುರಿತ ಮಾತನ್ನು ಬಿಟ್ಟರೆ, ಎಲ್ಲಿಯೂ ಬರುವುದಿಲ್ಲ.

ನನ್ನನ್ನು ಕೆರಳಿಸಿದ ಇನ್ನೊಂದು ಮಾತು ಐದನೆಯ ಪುಟದಲ್ಲಿದೆ: "ಒಟ್ಟಿನಲ್ಲಿ ಅದು ನಮ್ಮ ರಾಗಸಂಗೀತವೇ, ಹೆಸರು ಮಾತ್ರ ಬೇರೆ." ಹಿಂದೂಸ್ತಾನಿ ಗಾಯಕ ಸಿದ್ದರಾಮ ಜಂಬಲದಿನ್ನಿಯವರು ಹಾಡಿದ ನೆಲದಲ್ಲಿ ಕೂತು ಇಂಥ ಮಾತನ್ನು ಬರೆಯುವಾಗ ಎರಡೂ ಸಂಗೀತಗಳ ಬಗ್ಗೆ ಜವಾಬ್ದಾರಿ ಇರಬೇಕು. ಹತ್ತಿರವಿದೆ ಎನ್ನಿಸುವ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ಧ್ವನಿಮುದ್ರಿಕೆಯ ಮೊದಲ ಕೃತಿಯಲ್ಲಿ ಕಾರ್ಡ್‌ಗಳ ಓಡಾಟ ಬಹಳ ಕಡಿಮೆ. 32 ಬಾರ್‌ಗಳ ಸುತ್ತಿನಲ್ಲಿ ಮೊದಲ 16 ಬಾರ್ ಒಂದೇ ಸ್ವರಶ್ರೇಣಿ, ಅದರ ಸ್ವರಗಳೋ ನಮ್ಮ ಹಿಂದೂಸ್ತಾನಿ ಸಂಗೀತದ ಕಾಫಿ ಥಾಟಿನವೇ. ಇಲ್ಲಿಯವರೆಗೆ ನಿಮ್ಮ ಮೊದಲ ಗೆಳೆಯನ ಮಾತು ನಡೆಯುತ್ತದೆ. ಮುಂದಿನ 8 ಬಾರ್‌ಗಳಲ್ಲಿ ಆ ಇಡೀ ಶ್ರೇಣಿ, ಅದರ ಆಧಾರಸ್ವರವಾದ ಷಡ್ಜವೂ ಸೇರಿ, ಅರ್ಧ ಸ್ವರ ಮೇಲಕ್ಕೆ ಹೋಗುತ್ತದೆ; ಕೊನೆಯ 8 ಬಾರ್‌ಗಳಿಗೆ ಮೊದಲಿನ ಜಾಗಕ್ಕೆ ಇಳಿಯುತ್ತದೆ. ಪ್ರತಿ ಸುತ್ತಿನಲ್ಲೂ ಹೀಗೆಯೇ. ತಂಬೂರಿ ಮೀಟಿ ಕೂತ ನಮ್ಮ ಗಾಯಕರ ಷಡ್ಜ ಕಛೇರಿಯ ಮೊದಲಿಂದ ಕೊನೆಯವರೆಗೆ ಕದಲುವುದಿಲ್ಲ, ಅವರ ವಿಸ್ತಾರವೆಲ್ಲ ಆ ಕದಲದ ಸ್ವರವನ್ನು ನೆಚ್ಚಿಕೊಂಡಿದೆ. ಡೇವಿಸ್ ಅವರ ಕೃತಿಯಲ್ಲಿ ನೆಲವೇ ಸರಿಯುತ್ತದೆ, ಸರಿಯುವ ಹೊತ್ತನ್ನು ಎಣಿಸಿಕೊಂಡೇ ನುಡಿಸಬೇಕು. ಇಷ್ಟು ದೊಡ್ಡ ವ್ಯತ್ಯಾಸವನ್ನು "ಹೆಸರು ಮಾತ್ರ ಬೇರೆ" ಎಂದು ದಾಟಿಬಿಟ್ಟರೆ ಎರಡೂ ಸಂಗೀತಕ್ಕೆ ಅನ್ಯಾಯ.

ಇದೇ ಅವಸರ ಎಂಟನೆಯ ಪುಟದಲ್ಲಿ ಅಭಿಮಾನದ ರೂಪ ತಾಳುತ್ತದೆ. "ಕದ್ರಿ ಗೋಪಾಲನಾಥರೂ ರುದ್ರೇಶ್ ಮಹಾಂತಪ್ಪನವರೂ ಕೂಡಿ ನುಡಿಸಿದಾಗ ಎರಡು ಸ್ಯಾಕ್ಸೋಫೋನು ಒಂದೇ ಆಗಿಬಿಡುತ್ತವೆ" ಎನ್ನುತ್ತಾನೆ ಮೊದಲ ಗೆಳೆಯ. "ನಮ್ಮವರೆಂದರೆ ನಮ್ಮವರೇ!" ಎನ್ನುತ್ತಾನೆ ಎರಡನೆಯವನು. 2008ರ 'ಕಿನ್ಸ್‌ಮೆನ್' ನನಗೂ ಪ್ರಿಯವಾದ ಧ್ವನಿಮುದ್ರಿಕೆ. ಅಲ್ಲಿ ಎರಡು ಆಲ್ಟೋ ಸ್ಯಾಕ್ಸೋಫೋನುಗಳ ಜೊತೆಗೆ ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ರೆಜ್ ಅಬ್ಬಾಸಿಯವರ ಗಿಟಾರ್, ಬಾಸ್, ಡ್ರಮ್ಸ್ ಎಲ್ಲ ಇವೆ. ಎರಡು ಸ್ಯಾಕ್ಸೋಫೋನು ಒಂದೇ ಆಗುವುದಾಗಿದ್ದರೆ ಇಬ್ಬರು ಏಕೆ ಬೇಕಿತ್ತು? ಗೋಪಾಲನಾಥರು ನಾಗಸ್ವರದ ಮನೆತನದಿಂದ ಬಂದವರು. ಅವರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು, ತೂಗಿಕೊಂಡು ಹೋಗುತ್ತಾರೆ, ಕೀಲಿಗಳಿರುವ ಆ ವಾದ್ಯದಿಂದ ಗಮಕ ಹೊರಡಿಸಲು ವರ್ಷಗಟ್ಟಲೆ ದುಡಿದಿದ್ದರು. ಮಹಾಂತಪ್ಪನವರ ಸ್ವರಗಳಿಗೆ ಅಂಚು ಹರಿತ, ಓಟ ಜೋರು. ಅವರ ಮನೆತನ ಕರ್ನಾಟಕದ್ದು ನಿಜ. ಅವರು ಹುಟ್ಟಿದ್ದು ಇಟಲಿಯ ಟ್ರಿಯೆಸ್ಟೆಯಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ. ಅವರ ಸ್ಯಾಕ್ಸೋಫೋನಿಗೆ ದಾರಿ ತೋರಿಸಿದವರು ಜಾಜ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್, 2015ರಲ್ಲಿ ಪಾರ್ಕರ್ ಅವರ ಸಂಗೀತವನ್ನೇ ಆಧರಿಸಿ ಒಂದು ಧ್ವನಿಮುದ್ರಿಕೆ ತಂದರು. ಕಾಲೇಜಿನಲ್ಲಿ ಓದುವಾಗ ಸಹೋದರ ತಮಾಷೆಗೆಂದು ಕೊಟ್ಟ ಧ್ವನಿಮುದ್ರಿಕೆಯಿಂದ ಗೋಪಾಲನಾಥರ ಪರಿಚಯ ಅವರಿಗಾಯಿತು. ಇವರಿಬ್ಬರೂ ಬೇರೆ ಬೇರೆ ಕಡೆಯಿಂದ ಹೊರಟು ಒಂದೇ ಕೃತಿಗೆ ಬಂದು, ಬೇರೆಯಾಗಿಯೇ ಉಳಿದು ನುಡಿಸುತ್ತಾರೆ. "ನಮ್ಮವರು" ಎಂದು ಹೆಮ್ಮೆಪಡುವ ಅವಸರದಲ್ಲಿ ಇದನ್ನು ನೀವು ಕೇಳಿಸಿಕೊಳ್ಳಲೇ ಇಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರ ಜೊತೆ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮಾರಿಯಾನೊ ನುಡಿಸಿದ 1983ರ ಧ್ವನಿಮುದ್ರಿಕೆಯೂ ಇದೆ, ನಿಮ್ಮ ಲೇಖನದಲ್ಲಿ ಅದರ ಸುದ್ದಿಯಿಲ್ಲ. ಮರು ಬರೆಯುವ ಮೊದಲು ಅದನ್ನೂ ಕೇಳಿ.

ಇನ್ನು ಆ ಎರಡನೆಯ ಗೆಳೆಯ. ಅವನು ಲೇಖನದುದ್ದಕ್ಕೂ "ಹೌದೇ?", "ಮುಂದೆ ಹೇಳು", "ಎಷ್ಟು ಚೆಂದ!" ಎನ್ನುತ್ತಾನೆ. ಒಮ್ಮೆಯೂ ಒಪ್ಪದೆ ನಿಲ್ಲುವುದಿಲ್ಲ, ಒಮ್ಮೆಯೂ "ತಡೆ, ಅದನ್ನು ಇನ್ನೊಮ್ಮೆ ಹಾಕು" ಎನ್ನುವುದಿಲ್ಲ. ಸಂವಾದವೆಂದು ಹೆಸರಿಟ್ಟು ನೀವು ಬರೆದಿರುವುದು ಭಾಷಣ. ಇಂದಿನ ಜಾಜ್ ಲೋಕದಲ್ಲಿ ಜಗಳಕ್ಕೆ ಬರವೇ? ಟ್ರಂಪೆಟ್ ವಾದಕ ನಿಕೋಲಸ್ ಪೇಟನ್ 2011ರಲ್ಲಿ ಜಾಜ್ ಎಂಬ ಹೆಸರೇ ತನಗೆ ಬೇಡವೆಂದು ಬರೆದು ದೊಡ್ಡ ಚರ್ಚೆ ಎಬ್ಬಿಸಿದರು. ಪಿಯಾನೋ ವಾದಕ ರಾಬರ್ಟ್ ಗ್ಲಾಸ್ಪರ್ ಅವರ 2012ರ ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಬಂದದ್ದು ಜಾಜ್‌ನಲ್ಲಲ್ಲ, ಆರ್ ಅಂಡ್ ಬಿ ಎಂಬ ಜನಪ್ರಿಯ ಸಂಗೀತದ ವಿಭಾಗದಲ್ಲಿ. ಲಂಡನ್ನಿನ ಎಜ್ರಾ ಕಲೆಕ್ಟಿವ್ ಎಂಬ ತಂಡ, ಕೇಳುಗರನ್ನು ಕುಣಿಸುತ್ತಲೇ, 2023ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಸಂಗೀತ ಪ್ರಶಸ್ತಿ ಪಡೆದ ಮೊದಲ ಜಾಜ್ ತಂಡವಾಯಿತು. ಅದೇ ವರ್ಷದ ಕೊನೆಗೆ ಬ್ರಿಟನ್ನಿನ ಜಾಜ್ ವಾದಕ ಶಬಾಕಾ ಹಚಿಂಗ್ಸ್ ಸ್ಯಾಕ್ಸೋಫೋನನ್ನು ಕೆಳಗಿಟ್ಟು ಕೊಳಲುಗಳ ಕಡೆ ಹೊರಳಿದರು. ಇವುಗಳಲ್ಲಿ ಯಾವುದನ್ನೇ ಎತ್ತಿಕೊಂಡರೂ ಎರಡನೆಯ ಗೆಳೆಯನಿಗೆ "ಇದು ಜಾಜ್ ಎಂದು ನನಗೆ ಅನ್ನಿಸುವುದಿಲ್ಲ" ಎನ್ನುವ ಹಕ್ಕಿದೆ. ಅವನು ಹಾಗೆಂದಾಗ ಮೊದಲನೆಯವನು ಹೆಸರುಗಳ ಪಟ್ಟಿ ಬಿಟ್ಟು ಧ್ವನಿಗೆ ಬರಲೇಬೇಕಾಗುತ್ತದೆ. ಇಗೋ ಇಲ್ಲಿ ಡ್ರಮ್ಮರ್ ಹೀಗೆ ಮಾಡಿದ, ಅದಕ್ಕೆ ಪಿಯಾನೋ ಹೀಗೆ ಉತ್ತರಿಸಿತು ಎಂದು ತೋರಿಸಬೇಕಾಗುತ್ತದೆ.

ಆದ್ದರಿಂದ ಹೀಗೆ ಮಾಡಿ. ಎಂಟು ಹತ್ತು ಕಲಾವಿದರನ್ನು ಬಿಟ್ಟು, 'ಕಿನ್ಸ್‌ಮೆನ್' ಧ್ವನಿಮುದ್ರಿಕೆಯ ಒಂದೇ ಕೃತಿಯನ್ನು ಆರಿಸಿಕೊಳ್ಳಿ. ಕೆರೆ ದಂಡೆಯ ಮೇಲೆ ಇಬ್ಬರೂ ಗೆಳೆಯರು ಅದನ್ನು ಒಟ್ಟಿಗೆ ಕೇಳಲಿ. ಎರಡನೆಯವನು ಸ್ವಲ್ಪ ತಬಲಾ ಕಲಿತವನಾಗಿರಲಿ, ಬೆರಳಲ್ಲಿ ಎಣಿಸುತ್ತಾ ಕೂರಲಿ, ಎಣಿಕೆ ತಪ್ಪಿದಲ್ಲಿ ಮೊದಲನೆಯವನನ್ನು ತಡೆದು ಕೇಳಲಿ. ಗುಣವಾಚಕಗಳಿಗೆ ನಾನು ಕೆಂಪು ಗೆರೆ ಎಳೆದ ಪ್ರತಿಯನ್ನು ಇದರ ಜೊತೆ ಕಳಿಸಿದ್ದೇನೆ. ಯುಗಾದಿ ಸಂಚಿಕೆಯಲ್ಲಿ ನಿಮಗಾಗಿ ಆರು ಪುಟ ಇಟ್ಟಿರುತ್ತೇನೆ, ಸಂಕ್ರಾಂತಿಯ ಒಳಗೆ ಬರಹ ನನ್ನ ಕೈ ಸೇರಬೇಕು.

ವಿಶ್ವಾಸದಿಂದ,
ಸಂಪಾದಕ